ಉಣ್ಣಲೊಲ್ಲದ ಓತಿಮರಿ

ಸಾಕುಪ್ರಾಣಿ ಎಂದೊಡನೆ ನಮ್ಮ ಕರಾವಳಿಯ ಜನರ ಕಣ್ಣೆದುರು ನಿಲ್ಲುವುವು ಕೊಟ್ಟಿಗೆಯ ದನ, ಅಂಗಳದ ನಾಯಿ, ಒಲೆಯ ಬದಿಯ ಬೆಕ್ಕು, ಹಿತ್ತಿಲಿನ ಕೋಳಿ. ಇವುಗಳಲ್ಲಿ ಒಂದು ಒಂದು ಹೊತ್ತು ಆಹಾರವನ್ನು ಮುಟ್ಟದಿದ್ದರೆ ಮನೆಯ ಹಿರಿಯರು ಕಾರಣವನ್ನು ಬಹುಮಟ್ಟಿಗೆ ಊಹಿಸಬಲ್ಲರು. ಹಸು ಮೆಲುಕು ಹಾಕುವುದನ್ನು ನಿಲ್ಲಿಸಿದರೆ ಹೊಟ್ಟೆಯುಬ್ಬರವೇ ಎಂದು ಪಕ್ಕೆಯನ್ನು ತಟ್ಟಿ ನೋಡುತ್ತಾರೆ. ಹಲವು ತಲೆಮಾರುಗಳ ಅನುಭವ ಅವರ ಬೆಂಬಲಕ್ಕಿದೆ. ಆದರೆ ಈಚಿನ ವರ್ಷಗಳಲ್ಲಿ ನಮ್ಮ ದೇಶದ ಮನೆಗಳನ್ನು ಹೊಕ್ಕಿರುವ ಒಂದು ಹೊಸ ಪ್ರಾಣಿಯ ವಿಷಯದಲ್ಲಿ ಈ ಅನುಭವವು ನೆರವಿಗೆ ಬಾರದು. ಅದು ಆಸ್ಟ್ರೇಲಿಯದ ಒಳನಾಡಿನ ಓತಿ. ಹೆದರಿದಾಗ ಗಂಟಲಿನ ಕೆಳಗಿನ ಮುಳ್ಳು ಮುಳ್ಳಾದ ಚರ್ಮವನ್ನು ಉಬ್ಬಿಸಿ ಕಪ್ಪಾಗಿಸುವುದರಿಂದ ಅದಕ್ಕೆ ಬಿಯರ್ಡೆಡ್ ಡ್ರ್ಯಾಗನ್ ಎಂಬ ಹೆಸರು ಬಂದಿದೆ. ನಾವದನ್ನು ಗಡ್ಡದ ಓತಿ ಎಂದು ಕರೆಯೋಣ. ಜರ್ಮನಿಯ ಪ್ರಾಣಿವಿಜ್ಞಾನಿ ಅರ್ನ್‌ಸ್ಟ್ ಆಲ್ 1926ರಲ್ಲಿ ಇದನ್ನು ಮೊದಲು ವಿವರಿಸಿದನು. ಇಂದು ಅದರ ಶಾಸ್ತ್ರೀಯ ನಾಮ ಪೊಗೋನ ವಿಟಿಸೆಪ್ಸ್.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳಂಥ ಊರಿನ ಮನೆಯೊಂದಕ್ಕೆ ಬಂದ ಈ ಓತಿಯ ಮರಿ ಗಾಜಿನ ಪೆಟ್ಟಿಗೆಯ ಮೂಲೆಯಲ್ಲಿ ಮುದುಡಿ ಕುಳಿತು, ಮುಂದೆ ಬಿಟ್ಟ ಹುಳುವನ್ನು ಕಂಡೂ ಕಾಣದಂತೆ ಕಣ್ಣು ಮುಚ್ಚಿದರೆ ಏನು ಮಾಡಬೇಕು? ಅದಕ್ಕೆ ಬಾಯಿಲ್ಲ, ನರಳುವುದೂ ಇಲ್ಲ. ಅದರ ಮೌನಕ್ಕೆ ಅರ್ಥ ಹುಡುಕುವ ಹೊಣೆ ಸಾಕುವವರದು.

ನಮ್ಮ ಬೇಲಿಯ ನೆಂಟ

ಗಡ್ಡದ ಓತಿ ನಮಗೆ ತೀರ ಅಪರಿಚಿತವೇನೂ ಅಲ್ಲ. ಬೇಲಿಯ ಮೇಲೆ ಕುಳಿತು ತಲೆದೂಗುವ ನಮ್ಮ ಓತಿಕೇತವೂ, ಅಡಕೆಯ ತೋಟಗಳಲ್ಲಿ ಮರದಿಂದ ಮರಕ್ಕೆ ತೇಲುವ ಹಾರುವ ಓತಿಯೂ ಅದು ಸೇರಿರುವ ಅಗಾಮಿಡೆ ಎಂಬ ಕುಟುಂಬದವೇ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿ 1980ರಲ್ಲಿ ಪ್ರಕಟವಾದಂದಿನಿಂದ ಹಾರುವ ಓತಿಯ ಹೆಸರನ್ನು ಕೇಳದ ಕನ್ನಡ ಓದುಗರು ವಿರಳ. ಈ ನೆಂಟರೆಲ್ಲರೂ ಹಗಲಿನಲ್ಲಿ ಸಂಚರಿಸುವವರು. ಕಣ್ಣನ್ನು ನಂಬಿ ಬೇಟೆಯಾಡುವವರು. ಅಲುಗಾಡುವ ವಸ್ತು ಅವುಗಳ ಗಮನವನ್ನು ಸೆಳೆಯುವಂತೆ ಸತ್ತು ಬಿದ್ದ ಹುಳು ಸೆಳೆಯದು. ಇವುಗಳ ಹೆಚ್ಚಿನ ಹಲ್ಲುಗಳು ದವಡೆಯ ಎಲುಬಿನ ಅಂಚಿಗೇ ಬೆಸೆದುಕೊಂಡಿರುತ್ತವೆ. ಮುರಿದರೆ ಮತ್ತೆ ಹುಟ್ಟುವುದಿಲ್ಲ. ಗೋಡೆಯ ಹಲ್ಲಿಗೆ ಬಾಲ ಮರಳಿ ಬೆಳೆಯುತ್ತದೆ. ಗಡ್ಡದ ಓತಿಗೆ ಆ ಭಾಗ್ಯವಿಲ್ಲ. ಉಣ್ಣಲೊಲ್ಲದ ಮರಿಯ ಬಾಯನ್ನು ಚಮಚದಿಂದಲೋ ಚಿಮುಟದಿಂದಲೋ ಬಲವಂತವಾಗಿ ತೆರೆಯುವುದು ಎಂಥ ಅಪಾಯದ ಕೆಲಸವೆಂಬುದು ಇದರಿಂದ ಸ್ಪಷ್ಟವಾದೀತು.

ಎಲ್ಲ ಉಪವಾಸವೂ ರೋಗವಲ್ಲ ಎಂಬುದನ್ನೂ ಮೊದಲೇ ಅರಿತಿರಬೇಕು. ಸರೀಸೃಪಗಳ ಮರಿಗಳು ಮೊಟ್ಟೆಯೊಡೆದು ಬರುವಾಗ ಮೊಟ್ಟೆಯ ಭಂಡಾರದ ಉಳಿಕೆಯನ್ನು ಹೊಟ್ಟೆಯೊಳಗೆ ಇಟ್ಟುಕೊಂಡೇ ಬರುತ್ತವೆ. ಕುಂದಾಪುರದ ಕೋಡಿಯ ಕಡಲತೀರದಲ್ಲಿ ಮರಳಿನಿಂದೆದ್ದು ನೀರಿನತ್ತ ಧಾವಿಸುವ ಆಲಿವ್ ರಿಡ್ಲಿ ಆಮೆಯ ಮರಿಗಳು ಮೊದಲ ದಿನಗಳ ಈಜಿಗೆ ಬೇಕಾದ ಶಕ್ತಿಯನ್ನು ಪಡೆಯುವುದು ಈ ಹಳದಿ ಬುತ್ತಿಯಿಂದಲೇ. ಅಂತೆಯೇ ಹೊಸದಾಗಿ ಹುಟ್ಟಿದ ಓತಿಮರಿ ಮೊದಲ ಕೆಲವು ದಿನ ಏನನ್ನೂ ತಿನ್ನದಿರಬಹುದು. ಪೊರೆ ಬಿಡುವ ವೇಳೆಯಲ್ಲಿಯೂ, ಊರಿಂದೂರಿಗೆ ಸಾಗಿಸಿ ಹೊಸ ಮನೆಗೆ ತಂದಾಗಲೂ ಅದರ ಹಸಿವು ಕುಗ್ಗುತ್ತದೆ. ಒಂದೇ ತೂಕದ ಸಸ್ತನಿಯೊಡನೆ ಹೋಲಿಸಿದರೆ ಹಲ್ಲಿಯ ಜಾತಿಯ ಪ್ರಾಣಿಗೆ ಬೇಕಾಗುವ ಆಹಾರ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ. ಆದುದರಿಂದ ಸಾಕುವವರಿಗೆ ತುಸು ಕಾಲಾವಕಾಶವಿದೆ. ಆದರೆ ಮರಿಯ ಕೊಬ್ಬಿನ ಸಂಗ್ರಹ ಅತ್ಯಲ್ಪವಾದ್ದರಿಂದ ಆ ಅವಕಾಶವನ್ನು ಕೈಕಟ್ಟಿ ಕುಳಿತು ಕಳೆಯಬಾರದು.

ಹೊರಗಿನಿಂದ ಬರುವ ಬಿಸಿ

ಓತಿಮರಿಯ ಉಪವಾಸಕ್ಕೆ ಮೊದಲು ಶಂಕಿಸಬೇಕಾದ ಕಾರಣ ಉಷ್ಣತೆ. ನಮ್ಮ ದೇಹ ತಿಂದ ಅನ್ನವನ್ನು ಉರಿಸಿ ತನ್ನ ಬಿಸಿಯನ್ನು ತಾನೇ ಕಾಯ್ದುಕೊಳ್ಳುತ್ತದೆ. ಓತಿಗೆ ಆ ಶಕ್ತಿಯಿಲ್ಲ. ಅದು ಬಿಸಿಲಿನಿಂದ, ಕಾದ ಕಲ್ಲಿನಿಂದ ಬಿಸಿಯನ್ನು ಎರವಲು ಪಡೆಯಬೇಕು. 1944ರಲ್ಲಿ ಅಮೆರಿಕದ ಕೌಲ್ಸ್ ಮತ್ತು ಬೋಗರ್ಟ್ ಎಂಬ ವಿಜ್ಞಾನಿಗಳು ಮರುಭೂಮಿಯ ಸರೀಸೃಪಗಳನ್ನು ಅಭ್ಯಸಿಸಿ, ಅವು ಬಿಸಿಲು ನೆರಳುಗಳ ನಡುವೆ ಅತ್ತಿತ್ತ ಸರಿಯುತ್ತ ತಮ್ಮ ಮೈಯ ಉಷ್ಣತೆಯನ್ನು ಆಶ್ಚರ್ಯಕರವಾದ ನಿಖರತೆಯಿಂದ ಕಾಪಾಡಿಕೊಳ್ಳುತ್ತವೆಂದು ತೋರಿಸಿದರು. ‘ಓತಿಕೇತಕ್ಕೆ ಬೇಲಿಗೂಟ ಸಾಕ್ಷಿ’ ಎಂಬ ಗಾದೆಯನ್ನು ನಾವು ಬೇರೆ ಅರ್ಥದಲ್ಲಿ ಆಡುತ್ತೇವೆ. ಆದರೆ ಆ ಬೇಲಿಗೂಟವೇ ಓತಿಯ ಒಲೆ. ಮುಂಜಾನೆ ಗೂಟದ ತುದಿಯಲ್ಲಿ ಮೈ ಕಾಯಿಸಿಕೊಂಡು, ಬಿಸಿಲೇರಿದಂತೆ ಅದು ಬೇಲಿಯ ನೆರಳಿಗಿಳಿಯುತ್ತದೆ.

ಗಡ್ಡದ ಓತಿ ಅರಸುವ ಮೈಬಿಸಿ ಸುಮಾರು 35 ಡಿಗ್ರಿ ಸೆಲ್ಸಿಯಸ್. ಆ ಬಿಸಿಯಲ್ಲಿ ಮಾತ್ರ ಅದರ ಜೀರ್ಣರಸಗಳು ಸರಿಯಾಗಿ ಕೆಲಸ ಮಾಡುತ್ತವೆ. ಉಷ್ಣತೆ 10 ಡಿಗ್ರಿ ಇಳಿದರೆ ಶರೀರದೊಳಗಿನ ರಾಸಾಯನಿಕ ಕ್ರಿಯೆಗಳ ವೇಗ ಅರ್ಧಕ್ಕೋ ಮೂರರಲ್ಲೊಂದಕ್ಕೋ ಇಳಿಯುತ್ತದೆ. ತಣ್ಣಗಿರುವ ಓತಿಯ ಹೊಟ್ಟೆಯಲ್ಲಿ ಆಹಾರ ಜೀರ್ಣವಾಗದೆ ಕೊಳೆಯತೊಡಗುತ್ತದೆ. ಆದುದರಿಂದ ತಣ್ಣಗಿರುವ ಮರಿ ಉಣ್ಣದಿರುವುದು ಅದರ ಹಟವಲ್ಲ. ದೇಹವೇ ವಿಧಿಸಿಕೊಂಡ ಪಥ್ಯ. ಈ ಪ್ರಾಣಿಯ ಬಾಳಿನಲ್ಲಿ ಬಿಸಿಯ ಪ್ರಭಾವ ಎಷ್ಟು ಆಳವಾದುದೆಂದರೆ, ಮೊಟ್ಟೆಗಳನ್ನು 32 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿಟ್ಟಾಗ ವರ್ಣತಂತುಗಳ ಪ್ರಕಾರ ಗಂಡಾಗಬೇಕಾದ ಮರಿಗಳು ಹೆಣ್ಣಾಗಿ ಹುಟ್ಟುವುದನ್ನು ಆಸ್ಟ್ರೇಲಿಯದ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದರು.

‘ನಮ್ಮೂರಿನ ಸೆಕೆ ಸಾಲದೇ?’ ಎಂದು ಓದುಗರು ಕೇಳಬಹುದು. ಇಲ್ಲಿಯೇ ಕರಾವಳಿಯವರು ಮೋಸಹೋಗುವುದು. ಸೆಕೆಯೆಂದು ನಾವು ಬೀಸಣಿಗೆ ಹಿಡಿಯುವುದು ಗಾಳಿಯ ತೇವದಿಂದ, ಬಿಸಿಯಿಂದಲೇ ಅಲ್ಲ. ಜುಲೈ ತಿಂಗಳ ಮಳೆಯಲ್ಲಿ ಕುಂದಾಪುರದ ಮನೆಯೊಳಗೆ ಉಷ್ಣತೆ ಸಾಮಾನ್ಯವಾಗಿ 25ರಿಂದ 28 ಡಿಗ್ರಿ. ನಮಗೆ ಹಿತವಾದ ಈ ಹವೆಯಲ್ಲಿ ಗಡ್ಡದ ಓತಿ ತನಗೆ ಬೇಕಾದುದಕ್ಕಿಂತ 7ರಿಂದ 10 ಡಿಗ್ರಿ ಕೆಳಗೇ ಉಳಿಯುತ್ತದೆ. ಅದರ ತವರಿನ ಬಹುಭಾಗದಲ್ಲಿ ವರ್ಷದ ಮಳೆ 500 ಮಿಲಿಮೀಟರನ್ನು ಮುಟ್ಟುವುದಿಲ್ಲ. ನಮ್ಮಲ್ಲಿ ಅದು 4000 ಮಿಲಿಮೀಟರಿನ ಆಸುಪಾಸು. ನಮ್ಮಲ್ಲಿ ಮೋಡ ಕವಿದಿರುವ ತಿಂಗಳುಗಳು ಅದಕ್ಕೆ ಹುಟ್ಟಿನಿಂದಲೇ ಅರಿಯದ ಋತು.

ಆದುದರಿಂದ ಪೆಟ್ಟಿಗೆಯ ಒಂದು ತುದಿಯಲ್ಲಿ ಬಿಸಿ ನೀಡುವ ದೀಪವನ್ನು ಮೇಲಿನಿಂದ ತೂಗಿಬಿಟ್ಟು, ಅದರ ಕೆಳಗೆ ಮರದ ಕೊಂಬೆಯನ್ನೋ ಚಪ್ಪಟೆಯಾದ ಕಲ್ಲನ್ನೋ ಇಡಬೇಕು. ಆ ಕಲ್ಲಿನ ಮೇಲೆ ಉಷ್ಣತೆ 38ರಿಂದ 42 ಡಿಗ್ರಿ, ಇನ್ನೊಂದು ತುದಿಯಲ್ಲಿ 25ರಿಂದ 28 ಡಿಗ್ರಿ ಇರಲಿ. ಯಾವ ಕಡೆ ಎಷ್ಟು ಹೊತ್ತು ಇರಬೇಕೆಂಬುದನ್ನು ಮರಿಯೇ ಆರಿಸಿಕೊಳ್ಳುತ್ತದೆ. ಈಗ ಮನೆಮನೆಯಲ್ಲಿರುವ ಎಲ್‌ಇಡಿ ದೀಪ ಬೆಳಕು ಕೊಡುತ್ತದೆಯೇ ಹೊರತು ಬಿಸಿ ಕೊಡುವುದಿಲ್ಲ. ಹ್ಯಾಲೊಜನ್ ದೀಪವೋ ತಂತಿ ಕಾಯುವ ಹಳೆಯ ಬಲ್ಬೋ ಬೇಕು. ಕೈಯಿಟ್ಟು ಬಿಸಿಯನ್ನು ಅಂದಾಜು ಮಾಡದೆ ಉಷ್ಣಮಾಪಕದಿಂದ ಅಳೆಯಬೇಕು. ಅನೇಕ ಮರಿಗಳ ಉಪವಾಸ ಇಷ್ಟು ಮಾಡಿದೊಡನೆಯೇ ಮುಗಿಯುತ್ತದೆ.

ಬೆಳಕು ಮತ್ತು ಎಲುಬು

ಬಿಸಿಲು ಕೊಡುವುದು ಬಿಸಿಯನ್ನು ಮಾತ್ರವಲ್ಲ. ಅದರಲ್ಲಿರುವ ಅತಿನೇರಳೆ ಕಿರಣಗಳ ಒಂದು ಪಾಲು ಚರ್ಮದ ಮೇಲೆ ಬಿದ್ದಾಗ ಅಲ್ಲಿ ಡಿ ಜೀವಸತ್ವದ ಪೂರ್ವರೂಪವು ಸಿದ್ಧವಾಗುತ್ತದೆ. ಮೈಯ ಬಿಸಿಯಿಂದ ಅದು ಡಿ ಜೀವಸತ್ವವಾಗಿ, ಯಕೃತ್ತು ಮೂತ್ರಪಿಂಡಗಳಲ್ಲಿ ಮಾರ್ಪಾಟುಗೊಂಡು, ಕರುಳಿನಲ್ಲಿ ಕ್ಯಾಲ್ಸಿಯಮ್ಮನ್ನು ಹೀರಿಕೊಳ್ಳಲು ನೆರವಾಗುತ್ತದೆ. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಬೆಳೆಯುವ ಮರಿಯ ಶರೀರವು ತನ್ನ ಎಲುಬಿನಿಂದಲೇ ಕ್ಯಾಲ್ಸಿಯಂ ಕದಿಯಲಾರಂಭಿಸುತ್ತದೆ. ಕಾಲುಗಳು ನಡುಗುತ್ತವೆ, ದವಡೆ ರಬ್ಬರಿನಂತೆ ಮೆತ್ತಗಾಗುತ್ತದೆ. ಹಸಿವಿದ್ದರೂ ಕಚ್ಚಲಾರದ ಆ ಮರಿಯನ್ನು ಕಂಡು ‘ತಿನ್ನುವುದಿಲ್ಲ’ ಎನ್ನುತ್ತೇವೆ. ನಿಜವಾಗಿ ಅದಕ್ಕೆ ತಿನ್ನಲಾಗುವುದಿಲ್ಲ.

ಕಿಟಕಿಯ ಗಾಜಿನ ಹಿಂದೆ ಪೆಟ್ಟಿಗೆಯನ್ನಿಟ್ಟರೆ ಈ ಕೊರತೆ ನೀಗದು. ಗಾಜು ಈ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಅಷ್ಟಲ್ಲದೆ ಬಿಸಿಲಿಗಿಟ್ಟ ಗಾಜಿನ ಪೆಟ್ಟಿಗೆ ಕ್ಷಣಗಳಲ್ಲಿ ಕುಲುಮೆಯಾಗಿ ಮರಿಯನ್ನು ಕೊಲ್ಲಬಲ್ಲದು. ಹೊಳವಾದ ದಿನ ತಂತಿಬಲೆಯ ಗೂಡಿನಲ್ಲಿ, ಅರ್ಧ ಭಾಗಕ್ಕೆ ನೆರಳು ಮಾಡಿ, ಕಾಗೆ ಬೆಕ್ಕುಗಳಿಗೆ ಎಟುಕದಂತೆ ಕಾದು ನಿಂತು, ಎಳೆಬಿಸಿಲಿಗೆ ಸ್ವಲ್ಪ ಹೊತ್ತು ಇಡಬಹುದು. ಮಳೆಗಾಲಕ್ಕೆ ಸರೀಸೃಪಗಳಿಗೆಂದೇ ತಯಾರಿಸಿದ ಅತಿನೇರಳೆ ದೀಪ ಅನಿವಾರ್ಯ. ಕಣ್ಣಿಗೆ ಬೆಳಗುತ್ತಿರುವಂತೆ ಕಂಡರೂ ಅದರ ಕಿರಣಶಕ್ತಿ ತಿಂಗಳುಗಳು ಕಳೆದಂತೆ ಕುಂದುವುದರಿಂದ ತಯಾರಕರು ಸೂಚಿಸಿದ ಅವಧಿಗೆ ದೀಪವನ್ನು ಬದಲಿಸಬೇಕು.

ಹುಳುಗಳಿಗೆ ಕ್ಯಾಲ್ಸಿಯಂ ಪುಡಿಯನ್ನು ಸವರಿ ತಿನ್ನಿಸುವುದು ರೂಢಿ. ಕೀಟಗಳ ಮೈಯಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ ಇರುವುದೇ ಇದಕ್ಕೆ ಕಾರಣ. ಕ್ಯಾಲ್ಸಿಯಂ ಎಂದರೆ ಸುಣ್ಣವೇ ತಾನೆ ಎಂದು ವೀಳ್ಯಕ್ಕೆ ಹಚ್ಚುವ ಚಿಪ್ಪಿನ ಸುಣ್ಣವನ್ನು ಯಾರೂ ಬಳಸಬಾರದು. ಅದು ಬಾಯನ್ನು ಸುಡುವ ಕ್ಷಾರ. ಬೇಕಾದುದು ಔಷಧದಂಗಡಿಯಲ್ಲಿ ದೊರೆಯುವ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್.

ಭಯ ಮತ್ತು ಆಹಾರ

ಬಿಸಿ ಬೆಳಕುಗಳೆರಡೂ ಸರಿಯಿದ್ದು ಮರಿ ಉಣ್ಣದಿದ್ದರೆ ಭಯವನ್ನು ಶಂಕಿಸಬೇಕು. ಗಾಜಿನಲ್ಲಿ ಕಾಣುವ ತನ್ನ ಪ್ರತಿಬಿಂಬವನ್ನೇ ಅದು ವೈರಿಯೆಂದು ಬಗೆಯುತ್ತದೆ. ಮೂರು ಬದಿಗಳಿಗೆ ಕಾಗದ ಅಂಟಿಸಿದರೆ ಸಾಕು. ಎರಡು ಮರಿಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟರೆ ಬಲವಾದದ್ದು ದೀಪದ ಕೆಳಗಿನ ಜಾಗವನ್ನು ಆಕ್ರಮಿಸುತ್ತದೆ. ದುರ್ಬಲವಾದದ್ದು ಚಳಿಯಲ್ಲಿ ಉಳಿದು ಸೊರಗುತ್ತದೆ. ಅವು ಸ್ನೇಹದಿಂದ ಒಂದರ ಮೇಲೊಂದು ಮಲಗಿವೆ ಎಂದು ನಾವು ಸಂತೋಷಪಡುವುದು ನಮ್ಮ ಭ್ರಮೆ. ಹೊಸದಾಗಿ ತಂದ ಮರಿಯನ್ನು ಮೊದಲ ಒಂದೆರಡು ವಾರ ಮಕ್ಕಳು ಎತ್ತಿ ಆಡಿಸದಿರಲಿ. ಮರುಭೂಮಿಯ ಪ್ರಾಣಿಯಲ್ಲವೇ ಎಂದು ಪೆಟ್ಟಿಗೆಗೆ ಕಡಲ ಮರಳನ್ನು ತುಂಬುವುದೂ ತಪ್ಪು. ಉಪ್ಪಿನಂಶವುಳ್ಳ ಆ ಮರಳು ಹುಳುವಿನೊಡನೆ ಹೊಟ್ಟೆ ಸೇರಿ ಕರುಳನ್ನು ಕಟ್ಟಬಹುದು. ಹಳೆಯ ವೃತ್ತಪತ್ರಿಕೆ ಅದಕ್ಕಿಂತ ಒಳ್ಳೆಯ ಹಾಸು.

ಹುಳುವಿನ ಗಾತ್ರ ಮರಿಯ ಎರಡು ಕಣ್ಣುಗಳ ನಡುವಿನ ಅಂತರವನ್ನು ಮೀರಬಾರದು. ಮರಿಗೆ ದಿನಕ್ಕೆ ಎರಡು ಮೂರು ಸಲ, ಹತ್ತು ಹದಿನೈದು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟು ಕೊಟ್ಟು, ಉಳಿದ ಹುಳುಗಳನ್ನು ತೆಗೆಯಬೇಕು. ಇಲ್ಲವಾದರೆ ರಾತ್ರಿ ಅವೇ ಮರಿಯನ್ನು ಕಚ್ಚುತ್ತವೆ. ಸಾಕಿ ಬೆಳೆಸಿದ ಚಿಮ್ಮಂಡೆಗಳು ಇದಕ್ಕೆ ಉತ್ತಮ. ಗದ್ದೆಯಿಂದ ಹಿಡಿದು ತಂದ ಮಿಡತೆಯಲ್ಲಿ ಕೀಟನಾಶಕದ ಶೇಷವಿರಬಹುದು. ಮಳೆಗಾಲದಲ್ಲಿ ಕೊಳೆರೋಗಕ್ಕೆಂದು ಮೈಲುತುತ್ತದ ದ್ರಾವಣವನ್ನು ಹೊಡೆದ ಅಡಕೆ ತೋಟದ ಹುಳುಗಳನ್ನೂ ದೂರವಿಡಬೇಕು. ಮುಂಗಾರಿಗೆ ಮುನ್ನ ನಮ್ಮ ಮರಗಳಲ್ಲಿ ಮಿನುಗುವ ಮಿಂಚುಹುಳುಗಳನ್ನಂತೂ ಎಂದಿಗೂ ಕೊಡಬಾರದು. ಅಮೆರಿಕದಲ್ಲಿ ಫೋಟೈನಸ್ ಎಂಬ ಜಾತಿಯ ಮಿಂಚುಹುಳುವನ್ನು ನುಂಗಿದ ಗಡ್ಡದ ಓತಿಗಳು ಹೃದಯವನ್ನು ಕೆಡಿಸುವ ಅದರ ವಿಷದಿಂದ ಸತ್ತ ಸಂಗತಿಯನ್ನು 1999ರಲ್ಲಿ ವಿಜ್ಞಾನಿಗಳು ವರದಿ ಮಾಡಿದ್ದಾರೆ. ಸೊಪ್ಪುಗಳಲ್ಲಿ ನುಗ್ಗೆಯ ಚಿಗುರು, ದಾಸವಾಳದ ಹೂವು ಎಲೆಗಳನ್ನು ಸಣ್ಣಗೆ ಹೆಚ್ಚಿ ಇಡಬಹುದು. ನಮಗೆ ಪ್ರಿಯವಾದ ಬಸಳೆ, ಹರಿವೆಗಳಲ್ಲಿ ಕ್ಯಾಲ್ಸಿಯಮ್ಮನ್ನು ಹಿಡಿದಿಡುವ ಆಕ್ಸಲೇಟ್ ಹೆಚ್ಚಾಗಿರುವುದರಿಂದ ಅವು ನಿತ್ಯದ ಆಹಾರವಲ್ಲ. ಬೆಣ್ಣೆಹಣ್ಣು ವರ್ಜ್ಯ.

ಆರೈಕೆಯ ಕ್ರಮ

ಹಲವು ದಿನ ಉಪವಾಸವಿದ್ದು ಬಳಲಿದ ಮರಿಯನ್ನು ಉಳಿಸುವಾಗ ಕ್ರಮ ತಪ್ಪಬಾರದು: ಮೊದಲು ಬಿಸಿ, ಆಮೇಲೆ ನೀರು, ಕೊನೆಗೆ ಆಹಾರ. ಮೈ ಬೆಚ್ಚಗಾಗದೆ ಕರುಳು ನಡೆಯದು. ನೀರಿಲ್ಲದೆ ಮೂತ್ರಪಿಂಡಗಳು ಆಹಾರದ ಕಶ್ಮಲವನ್ನು ಹೊರಹಾಕಲಾರವು. ಗಾಳಿಯೆಲ್ಲ ತೇವವಾಗಿರುವ ನಮ್ಮ ಊರಿನಲ್ಲಿಯೂ ಈ ಮರಿ ಬಾಯಾರಿ ಒಣಗುವುದುಂಟು. ಏಕೆಂದರೆ ಬಟ್ಟಲಿನಲ್ಲಿ ನಿಂತ ನೀರನ್ನು ಅದು ಹಲವು ವೇಳೆ ಗುರುತಿಸುವುದೇ ಇಲ್ಲ. ಗುಳಿಬಿದ್ದ ಕಣ್ಣು, ಮಲದೊಡನೆ ಬರುವ ಬಿಳಿಯ ಭಾಗ ಹಳದಿಯಾಗಿ ಗಟ್ಟಿಯಾಗಿರುವುದು ನೀರು ಸಾಲದ ಲಕ್ಷಣಗಳು. ಮೂತಿಯ ತುದಿಗೆ ನೀರಿನ ಹನಿಯನ್ನು ಮುಟ್ಟಿಸಿದರೆ ನೆಕ್ಕುತ್ತದೆ. ಭುಜಕ್ಕಿಂತ ಕೆಳಗಿರುವಷ್ಟು ಉಗುರುಬೆಚ್ಚಗಿನ ನೀರಿನಲ್ಲಿ ಕೆಲವು ನಿಮಿಷ ನಿಲ್ಲಿಸಿ, ಒಡನೆಯೇ ಒರಸಿ ದೀಪದ ಕೆಳಗೆ ಬಿಡಬೇಕು. ಮುಚ್ಚಿದ ಬಾಯೊಳಗೆ ಪಿಚಕಾರಿಯಿಂದ ದ್ರವವನ್ನು ಹಾಯಿಸಬಾರದು. ಉಸಿರಿನ ದ್ವಾರ ನಾಲಗೆಯ ಬುಡದಲ್ಲಿಯೇ ಇರುವುದರಿಂದ ದ್ರವವು ಶ್ವಾಸಕೋಶವನ್ನು ಸೇರೀತು.

ಗಾಳಿಮಳೆಗೆ ಮರ ಬಿದ್ದು ವಿದ್ಯುತ್ತು ನಿಲ್ಲುವುದು ನಮ್ಮ ತಾಲ್ಲೂಕುಗಳಲ್ಲಿ ಅಪರೂಪವಲ್ಲ. ದೀಪವಿಲ್ಲದ ದಿನ ಆಹಾರವನ್ನು ಕೊಡದಿರುವುದೇ ಕ್ಷೇಮ. ಬಿಸಿನೀರು ತುಂಬಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯೊಳಗಿಟ್ಟರೆ ರಾತ್ರಿ ಕಳೆಯುತ್ತದೆ. ಸಂಜೆ ದೀಪ ಆರಿಸುವುದಕ್ಕೆ ಎರಡು ಗಂಟೆ ಮೊದಲೇ ಕೊನೆಯ ಊಟ ಮುಗಿದಿರಬೇಕು.

ಇಷ್ಟಾದರೂ ಮರಿ ಉಣ್ಣದಿದ್ದರೆ, ತೂಕದಲ್ಲಿ ಹತ್ತರಲ್ಲೊಂದು ಪಾಲು ಇಳಿದರೆ, ಬಾಯಲ್ಲಿ ಕೀವು, ಉಸಿರಿನಲ್ಲಿ ಸದ್ದು, ಕಾಲಿನಲ್ಲಿ ನಡುಕ, ಭೇದಿ ಇವುಗಳಲ್ಲಿ ಒಂದು ಕಂಡರೂ ಪಶುವೈದ್ಯರಲ್ಲಿಗೆ ಒಯ್ಯಬೇಕು. ಕರುಳಿನ ಕಾಕ್ಸಿಡಿಯ ಎಂಬ ಏಕಕೋಶ ಜೀವಿಯೂ ಜಂತುಗಳೂ ಮರಿಗಳ ಹಸಿವನ್ನು ಕೆಡಿಸುತ್ತವೆ. ಹಸಿಯಾದ ಮಲವನ್ನು ಜೊತೆಗೆ ಕೊಂಡೊಯ್ದರೆ, ದನಗಳ ಸಗಣಿಯಲ್ಲಿ ಜಂತುವಿನ ಮೊಟ್ಟೆಯನ್ನು ಹುಡುಕುವ ಸೂಕ್ಷ್ಮದರ್ಶಕವೇ ಇದಕ್ಕೂ ಸಾಕು. ಮನುಷ್ಯರ ಔಷಧವನ್ನು ಅಂದಾಜಿನ ಮೇಲೆ ಕೊಡಕೂಡದು. ವೈದ್ಯರಲ್ಲಿಗೆ ಹೋಗುವವರೆಗೂ ಬಿಸಿಯ ವ್ಯವಸ್ಥೆ ನಿಲ್ಲದಿರಲಿ. 1975ರಲ್ಲಿ ಕ್ಲೂಗರ್ ಮತ್ತು ಅವನ ಸಂಗಡಿಗರು ಮರುಭೂಮಿಯ ಇಗ್ವಾನಗಳಿಗೆ ಬ್ಯಾಕ್ಟೀರಿಯಗಳನ್ನು ಚುಚ್ಚಿ ನಡೆಸಿದ ಪ್ರಯೋಗದಲ್ಲಿ ಹೆಚ್ಚು ಬಿಸಿಯಲ್ಲಿದ್ದವುಗಳಲ್ಲಿ ಬದುಕಿದವು ಹೆಚ್ಚು. ತಂಪಿನಲ್ಲಿದ್ದವುಗಳಲ್ಲಿ ಸತ್ತವು ಹೆಚ್ಚು. ನಮಗೆ ಜ್ವರ ಮಾಡುವ ಉಪಕಾರವನ್ನು ಓತಿಗೆ ಬಿಸಿಲು ಮಾಡುತ್ತದೆ. ಮರಿಯನ್ನು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯುವುದನ್ನು ಮರೆಯಬಾರದು. ಸರೀಸೃಪಗಳ ಮಲದಲ್ಲಿರುವ ಸಾಲ್ಮೊನೆಲ್ಲ ಬ್ಯಾಕ್ಟೀರಿಯ ಎಳೆಯ ಮಕ್ಕಳಿಗೆ ಅಪಾಯಕಾರಿ.

ತರುವ ಮುನ್ನ

ಆಸ್ಟ್ರೇಲಿಯವು ತನ್ನ ಸರೀಸೃಪಗಳನ್ನು ವ್ಯಾಪಾರಕ್ಕಾಗಿ ಹೊರದೇಶಗಳಿಗೆ ಕಳುಹಿಸುವುದನ್ನು ನಿಷೇಧಿಸಿದೆ. ಆದುದರಿಂದ ಮಾರಾಟಗಾರನಲ್ಲಿ ಮರಿಯ ಮೂಲದ ಕಾಗದಪತ್ರಗಳನ್ನು ಕೇಳುವುದು, ಇಲ್ಲಿಯ ನಿಯಮಗಳನ್ನು ಅರಣ್ಯ ಇಲಾಖೆಯಲ್ಲಿ ವಿಚಾರಿಸುವುದು ಕೊಳ್ಳುವವನ ಮೊದಲ ಕರ್ತವ್ಯ. ಸಾಕಲಾರದೆ ಬೇಸತ್ತು ಅದನ್ನು ಹಾಡಿಗೋ ತೋಟಕ್ಕೋ ಬಿಡುವುದು ಎರಡು ಬಗೆಯ ಅನ್ಯಾಯ. ನಮ್ಮ ಮಳೆ ಅದನ್ನು ಕೊಲ್ಲುತ್ತದೆ. ಅದು ಹೊತ್ತು ತಂದ ರೋಗ ನಮ್ಮ ಓತಿಗಳಿಗೆ ತಗಲಬಹುದು. ಪರದೇಶದ್ದೇಕೆ ಎಂದು ನಮ್ಮ ಕಾಡಿನ ಪ್ರಾಣಿಯನ್ನು ಹಿಡಿದು ತರುವುದೂ ಸಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿರುವ ಉಡವನ್ನು ಮನೆಯಲ್ಲಿ ಕಟ್ಟಿಡುವವನು ಸೆರೆಮನೆಗೆ ಹೋದಾನು.

ಮನೆಯಲ್ಲಿ ಆಗಲೇ ಮರಿಯಿದ್ದವರು ಒಂದು ಪುಸ್ತಕವನ್ನಿಟ್ಟು ದಿನಕ್ಕೆರಡು ಬಾರಿ ಪೆಟ್ಟಿಗೆಯ ಎರಡೂ ತುದಿಗಳ ಉಷ್ಣತೆಯನ್ನು, ತಿಂದ ಹುಳುಗಳ ಲೆಕ್ಕವನ್ನು, ವಾರಕ್ಕೊಮ್ಮೆ ಚಿಕ್ಕ ತಕ್ಕಡಿಯಲ್ಲಿ ತೂಗಿ ನೋಡಿದ ತೂಕವನ್ನು ಬರೆದಿಡಲಿ. ವೈದ್ಯರು ಮೊದಲು ಕೇಳುವುದು ಇದನ್ನೇ. ಇನ್ನೂ ಕೊಳ್ಳದವರು ದೀಪ, ಹುಳು, ವಿದ್ಯುತ್ತು, ವೈದ್ಯ, ಹತ್ತು ವರ್ಷಗಳ ಆಯುಸ್ಸು ಎಲ್ಲವನ್ನೂ ಲೆಕ್ಕಹಾಕಲಿ. ಅಷ್ಟನ್ನು ನಿರ್ವಹಿಸಲಾರೆವೆಂದು ತೋರಿದರೆ ಮಕ್ಕಳನ್ನು ಕರೆದುಕೊಂಡು ಬೆಳಗಿನ ಎಂಟು ಗಂಟೆಗೆ ತೋಟದ ಬೇಲಿಯ ಬಳಿ ಕುಳಿತುಕೊಳ್ಳಲಿ. ಓತಿಕೇತ ಗೂಟವೇರುವುದು, ಮೈ ಕಾಯಿಸುವುದು, ಇರುವೆಯನ್ನು ಹಿಡಿಯುವುದು, ನೆರಳಿಗೆ ಸರಿಯುವುದು ಎಲ್ಲವನ್ನೂ ಅಲ್ಲಿ ಕಾಸಿನ ಖರ್ಚಿಲ್ಲದೆ ಕಾಣಬಹುದು. ಆ ಪ್ರಾಣಿಗೆ ಉಣ್ಣಿಸುವ ಚಿಂತೆಯೂ ನಮಗಿರುವುದಿಲ್ಲ.